ಡಿ7500ಗೆ ಈಗಲೇ 200-500 ತಗೊಳ್ಳೋದಾ, ಝಡ್‌ಗೆ ಹೋಗೋವರೆಗೆ ಕಾಯೋದಾ?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಬಾಡಿ ನಿಕಾನ್ ಡಿ7500, ಲೆನ್ಸು ಎಎಫ್-ಪಿ ಡಿಎಕ್ಸ್ 70-300 ವಿಆರ್. ತೆಗೆಯೋದೆಲ್ಲ ನೀರುಹಕ್ಕಿಗಳನ್ನೇ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು, ಆಮೇಲೆ ರಂಗನತಿಟ್ಟು. 300 ಎಂಎಂನಲ್ಲಿ ಹಕ್ಕಿ ಸಣ್ಣದಾಗಿ ಬರುತ್ತೆ, ಕ್ರಾಪ್ ಮಾಡಿದರೆ ಗರಿಯ ವಿವರ ಉಳಿಯಲ್ಲ.

ಮುಂದಿರೋ ದಾರಿ ಮೂರು. ಸೆಕೆಂಡ್ ಹ್ಯಾಂಡ್ ಎಎಫ್-ಎಸ್ 200-500 ಎಫ್/5.6 ಈಗಲೇ ತಗೊಳ್ಳೋದು. ಇಲ್ಲಾ, ಮುಂದಿನ ದೀಪಾವಳಿ ಆಫರ್‌ವರೆಗೆ ಕಾದು ನಿಕಾನ್‌ನ ಮಿರರ್‌ಲೆಸ್ ಬಾಡಿ ಝಡ್50-2 ಮತ್ತು ಅದರ ಲೆನ್ಸು ಝಡ್ 180-600 ಒಟ್ಟಿಗೆ ತಗೊಳ್ಳೋದು. ಅದೂ ಇಲ್ಲ ಅಂದರೆ ಟ್ಯಾಮ್ರಾನ್ ಅಥವಾ ಸಿಗ್ಮಾ 150-600. ಬಾಡಿ, ಲೆನ್ಸು ಎರಡನ್ನೂ ಈ ವರ್ಷ ತಗೊಳ್ಳೋಕೆ ಆಗಲ್ಲ. ಹೆಬ್ಬಾತುಗಳು ಬರೋ ಕಾಲ ಹತ್ತಿರ ಬಂತು. ಏನು ಮಾಡಬಹುದು?

ನೀರಕಾಗೆ

ಮೊದಲು "ಕಾಯೋದು" ಅಂದರೆ ಯಾವುದಕ್ಕೆ ಅನ್ನೋದನ್ನ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ಡಿ7500ರ ಎಫ್ ಮೌಂಟಿಗೆ, ಅಂದರೆ ಲೆನ್ಸು ಕೂರೋ ಬಾಯಿಗೆ, ಹೊಸ ಲೆನ್ಸು ಬರಲ್ಲ. 2020ರ 120-300 ಎಫ್/2.8ರ ನಂತರ ನಿಕಾನ್ ಎಫ್ ಮೌಂಟಿಗೆ ಹೊಸ ಲೆನ್ಸು ತಂದಿಲ್ಲ. ಡಿ7500 ಬಂದಿದ್ದು 2017ರಲ್ಲಿ, ಅದರ ಜಾಗಕ್ಕೆ ಇನ್ನೊಂದು ಡಿಎಸ್‌ಎಲ್‌ಆರ್ ಬರಲಿಲ್ಲ. ಹಾಗಾಗಿ 200-500ಕ್ಕೆ ಮುಂದಿನ ಆವೃತ್ತಿ ಬರುತ್ತೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ. ನೀವು ಕಾಯ್ತಾ ಇರೋದು ಮೌಂಟ್ ಬದಲಾಯಿಸೋಕೆ. ಝಡ್ 180-600 ನಿಮ್ಮ ಡಿ7500ಗೆ ಯಾವ ಅಡಾಪ್ಟರ್ ಹಾಕಿದರೂ ಕೂರಲ್ಲ. ಎಫ್ ಮೌಂಟಿನಲ್ಲಿ ಮೌಂಟಿನಿಂದ ಸೆನ್ಸರಿಗೆ ಇರೋ ದೂರ 46.5 ಎಂಎಂ, ಝಡ್‌ನಲ್ಲಿ 16 ಎಂಎಂ. ಆ ಅಂತರ ಇರೋದರಿಂದ ಎಫ್ ಲೆನ್ಸನ್ನ ಝಡ್ ಬಾಡಿಗೆ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಹಾಕಬಹುದು, ಹಿಂದುಮುಂದಾಗಿ ಆಗಲ್ಲ.

ಇನ್ನು ಎಷ್ಟು ಲಾಭ ಅನ್ನೋದು. ಲೆಕ್ಕ ಸುಲಭ: ಹಕ್ಕಿಯ ಉದ್ದ (ಮೀಟರಿನಲ್ಲಿ) ಗುಣಿಸು ಫೋಕಲ್ ಲೆಂಗ್ತ್ (ಎಂಎಂ), ಭಾಗಿಸು ದೂರ (ಮೀಟರು). ಬರೋ ಉತ್ತರವೇ ಸೆನ್ಸರ್ ಮೇಲೆ ಹಕ್ಕಿ ಎಷ್ಟು ಎಂಎಂ ಬೀಳುತ್ತೆ ಅನ್ನೋದು. ಪಟ್ಟೆತಲೆ ಹೆಬ್ಬಾತು ಸುಮಾರು 75 ಸೆಂ.ಮೀ. ಅದು 50 ಮೀಟರ್ ದೂರದಲ್ಲಿದ್ದರೆ 300ರಲ್ಲಿ 4.5 ಎಂಎಂ, 500ರಲ್ಲಿ 7.5 ಎಂಎಂ, 600ರಲ್ಲಿ 9 ಎಂಎಂ. ಡಿ7500 ಸೆನ್ಸರಿನಲ್ಲಿ ಒಂದು ಎಂಎಂಗೆ ಸುಮಾರು 237 ಪಿಕ್ಸೆಲ್. ಅಂದರೆ ಈಗ ನಿಮ್ಮ ಹಕ್ಕಿ 1,070 ಪಿಕ್ಸೆಲ್ ಉದ್ದ ಬರ್ತಾ ಇದೆ, 500ರಲ್ಲಿ 1,780 ಆಗುತ್ತೆ, 600ರಲ್ಲಿ 2,130. ಎ4 ಪ್ರಿಂಟ್ 300 ಡಿಪಿಐಗೆ ಉದ್ದಕ್ಕೆ 3,500 ಪಿಕ್ಸೆಲ್ ಬೇಕು. 500ರಲ್ಲಿ ತೆಗೆದ ಹೆಬ್ಬಾತು ಅದರ ಅರ್ಧ ಉದ್ದ ತುಂಬುತ್ತೆ, ಚಿತ್ರಕ್ಕೆ ಅಷ್ಟು ಸಾಕು. ದೊಡ್ಡ ಜಿಗಿತ ಇರೋದು 300ರಿಂದ 500ಕ್ಕೆ. 500ರಿಂದ 600ಕ್ಕೆ ಸಿಗೋದು ಇನ್ನೊಂದು 20 ಶೇಕಡಾ ಅಷ್ಟೆ.

ನಿಮ್ಮ 70-300 ಲೆನ್ಸು 300ರ ತುದಿಯಲ್ಲಿ ಎಫ್/6.3, ಈ ಸಂಖ್ಯೆ ಸಣ್ಣದಾದಷ್ಟು ಬೆಳಕು ಹೆಚ್ಚು. 200-500 ಪೂರ್ತಿ ಎಫ್/5.6. ಬೆಳಕಿನಲ್ಲೂ ಮೂರನೇ ಒಂದು ಸ್ಟಾಪ್ ಲಾಭ. ನನ್ನ ಮತ: ಈಗಲೇ ತಗೊಳ್ಳಿ.

ಮಲೆನಾಡು_ಮಳೆ

ನೀರಕಾಗೆ ಅವರ ಲೆಕ್ಕ ಸರಿ. ಆದರೆ ಅದು ನಿಂತಿರೋ ಹಕ್ಕಿಯ ಲೆಕ್ಕ. ಹಾರೋ ಹಕ್ಕಿಗೆ ಪಿಕ್ಸೆಲ್‌ಗಿಂತ ಫೋಕಸ್ ಮುಖ್ಯ. ಡಿ7500ನಲ್ಲಿ ಇರೋದು 51 ಫೋಕಸ್ ಪಾಯಿಂಟ್, ಎಲ್ಲಾ ನಡುವೆ ಗುಂಪಾಗಿ. ಹಕ್ಕಿ ಅಂಚಿಗೆ ಹೋದರೆ ಅಲ್ಲಿ ಪಾಯಿಂಟೇ ಇಲ್ಲ. 2024ರ ಕೊನೆಗೆ ಬಂದ ಝಡ್50-2ರಲ್ಲಿ ಎಕ್ಸ್‌ಪೀಡ್ 7 ಪ್ರೊಸೆಸರ್ ಇದೆ, ಹಕ್ಕಿಗೇ ಅಂತ ಬೇರೆ ಡಿಟೆಕ್ಷನ್ ಮೋಡ್ ಇದೆ, ಕಣ್ಣು ಹುಡುಕಿ ಹಿಡಿಯುತ್ತೆ. ಸೆನ್ಸರ್ ಮಾತ್ರ ಡಿ7500ರಷ್ಟೇ, 20.9 ಮೆಗಾಪಿಕ್ಸೆಲ್.

ಲೆನ್ಸುಗಳ ನಡುವಿನ ವ್ಯತ್ಯಾಸವೂ ಬರೀ 100 ಎಂಎಂ ಅಲ್ಲ. 200-500 ಝೂಮ್ ಮಾಡಿದಾಗ ಕೊಳವೆ ಹೊರಗೆ ಬರುತ್ತೆ. ಪ್ರತಿ ಸಲ ಗಾಳಿ ಒಳಗೆ ಎಳೆದುಕೊಳ್ಳುತ್ತೆ, ಧೂಳೂ ಹೋಗುತ್ತೆ, ಮಳೆಗಾಲದಲ್ಲಿ ತೇವವೂ ಹೋಗುತ್ತೆ. 180-600 ಒಳಗೇ ಝೂಮ್ ಆಗುತ್ತೆ, ಉದ್ದ ಬದಲಾಗಲ್ಲ, ಮಾನೋಪಾಡ್ ಮೇಲೆ ತೂಕದ ಸಮತೋಲ ಕೆಡಲ್ಲ. ಝೂಮ್ ರಿಂಗ್ 70 ಡಿಗ್ರಿ ತಿರುಗಿಸಿದರೆ ಈ ತುದಿಯಿಂದ ಆ ತುದಿ. 200-500ದು ತುಂಬ ತಿರುಗಿಸಬೇಕು, ಒಂದೇ ಹಿಡಿತದಲ್ಲಿ ಮುಗಿಯಲ್ಲ. 180-600ರ ತೂಕ ಟ್ರೈಪಾಡ್ ಕಾಲರ್ ಸೇರಿ 2,140 ಗ್ರಾಂ, 200-500 ಸುಮಾರು 2,300 ಗ್ರಾಂ.

ಇವತ್ತು ಒಂದು ಲೆನ್ಸು, ಇನ್ನೊಂದು ವರ್ಷಕ್ಕೆ ಇನ್ನೊಂದು ಲೆನ್ಸು ಅಂತ ಎರಡು ಸಲ ದುಡ್ಡು ಹಾಕೋದಕ್ಕಿಂತ ಕಾಯೋದು ಲೇಸು.

ಎರೆಹೊಲ

ಮಾಗಡಿ ಕೆರಿ ಬಗ್ಗೆ ಎರಡು ಮಾತು ರೀ. ಲೆನ್ಸಿನ ಲೆಕ್ಕಾ ಮಾಡೂಕಿಂತ ಮೊದಲ ಹಕ್ಕಿ ಎಷ್ಟು ದೂರ ಕುಂದರತಾವ ಅನ್ನೂದು ನೋಡ್ರಿ. ಹೆಬ್ಬಾತು ಹಗಲೊತ್ತು ನೀರಿನ ನಡುವ ಇರತಾವ, ಇಲ್ಲಾಂದ್ರ ಆಚಿ ದಂಡಿಗೆ. ಮುಂಜಾನಿ, ಸಂಜಿ ಮೇಯಾಕ ಹೊಲದ ಕಡೆ ಹಾರತಾವ. ಹಾರೂ ಹೊತ್ತಿಗೆ ತಲಿ ಮ್ಯಾಲೆ ಹೋಗೂವಾಗ 300 ಸುದ್ದಾ ನಡೀತದ. ನಡು ನೀರಾಗ ಕುಂತದ್ದಕ್ಕ 600 ಸುದ್ದಾ ಸಾಲೂದಿಲ್ಲ.

ಇನ್ನೊಂದು, ಬಿಸಲಿನ ಝಳ. ಬಿಸಲು ಏರಿದ ಮ್ಯಾಲೆ ನೀರು, ನೆಲ, ಗಾಳಿ ಬ್ಯಾರೆ ಬ್ಯಾರೆ ಬಿಸಿ ಇರತಾವ. ಬೆಳಕು ನೆಟ್ಟಗ ಬರೂದಿಲ್ಲ, ಅಲಗಾಡಕೋತ ಬರತದ. ನೂರು ಮೀಟರ್ ದೂರದ ಹಕ್ಕಿ ಮಸಕಾಗೂದು ಅದಕ್ಕ. ಎಷ್ಟು ದುಡ್ಡಿನ ಲೆನ್ಸ್ ಹಾಕಿದ್ರೂ ಅದು ಹೋಗೂದಿಲ್ಲ. ಲೆನ್ಸ್ ಉದ್ದ ಆದಂಗ ಇನ್ನಾ ಎದ್ದು ಕಾಣತದ.

ಮಸಕು ಯಾಕ ಬಂತು ಅನ್ನೂದು ಹಿಂಗ ಗುರುತ ಹಿಡೀರಿ. ನಿಂತ ಹಕ್ಕಿಗೆ ಒಂದೇ ಸಮ ಹತ್ತು ಫ್ರೇಮ್ ಹೊಡೀರಿ, ಕಂಪ್ಯೂಟರಿನ್ಯಾಗ 100 ಶೇಕಡಾಕ್ಕ ಹಿಗ್ಗಿಸಿ ನೋಡ್ರಿ. ಒಂದು ಫ್ರೇಮ್ ಚಲೋ, ಮುಂದಿಂದು ಕೆಟ್ಟ, ಕೊಕ್ಕಿನ ಅಂಚು ಒಂದರಾಗ ನೆಟ್ಟಗ ಇನ್ನೊಂದರಾಗ ಸೊಟ್ಟ ಇದ್ರ ಅದು ಗಾಳಿ. ಎಲ್ಲಾ ಫ್ರೇಮ್ ಒಂದೇ ಥರ ಮಸಕು, ಆದ್ರ ಹಕ್ಕಿ ಮುಂದಿನ ಹುಲ್ಲೋ ಹಿಂದಿನ ಕಲ್ಲೋ ಶಾರ್ಪ್ ಇದ್ರ ಅದು ಫೋಕಸ್ ತಪ್ಪಿದ್ದು. ಅಂಚು ಎರಡೆರಡು ಕಾಣತಾವ, ಅದೂ ಒಂದೇ ದಿಕ್ಕಿಗೆ, ಅಂದ್ರ ಕೈ ಅಲಗಾಡಿದ್ದು, ಇಲ್ಲಾ ಶಟರ್ ಸ್ಪೀಡ್ ಸಾಲದ್ದು. ಈ ಮೂರರಾಗ ಯಾವುದು ಅಂತ ತಿಳೀದ ಹೊಸಾ ಲೆನ್ಸ್ ತಗೊಂಡ್ರ ಮಸಕು ಹಂಗ ಉಳೀತದ.

ಮತ್ತ ದಯಮಾಡಿ, ಹತ್ರ ಸಿಗಲಿ ಅಂತ ಹಿಂಡಿನ ಕಡೆ ನಡಕೊಂಡ ಹೋಗಬ್ಯಾಡ್ರಿ. ಹಿಮಾಲಯ ದಾಟಿ ಬಂದ ಹಕ್ಕಿ ಅವು. ಮೇಯೂದು ಬಿಟ್ಟು ಎದ್ದು ಹಾರಿದ್ರ ಅವಕ್ಕ ಭಾಳ ನಷ್ಟ. ಬದುವಿನ ಮ್ಯಾಲೆ ತೆಗ್ಗಾಗಿ ಕೂತ್ರ ಅವ ಹತ್ರ ಬರತಾವ.

ಕೆರೆದಂಡೆ

ಎರೆಹೊಲ ಅವರೇ, ಈ ಪರೀಕ್ಷೆ ತುಂಬ ಉಪಯೋಗಕ್ಕೆ ಬಂತು. ಹಳೇ ಫೈಲುಗಳನ್ನ ಹಾಗೇ ನೋಡಿದೆ. ಬೆಳಗಿನ ಚಿತ್ರಗಳು ಶಾರ್ಪ್ ಇವೆ, ಹಕ್ಕಿ ಸಣ್ಣದು ಅಷ್ಟೆ. ಹತ್ತು ಗಂಟೆ ಮೇಲಿನವು ಝಳದ ಮಸುಕು.

ಇನ್ನೊಂದು ಪ್ರಶ್ನೆ. ಝಡ್‌ಗೆ ಹೋಗೋದಾದರೆ ಝಡ್50-2 ಬಿಟ್ಟು ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಝಡ್6-3 ಒಳ್ಳೇದು ಅಂತ ಅಂಗಡಿಯವರು ಹೇಳ್ತಾರೆ. ಹೌದಾ?

ನೀರಕಾಗೆ

ದೂರದ ಹಕ್ಕಿಗೆ ಅಲ್ಲ. ಝಡ್6-3 24.5 ಮೆಗಾಪಿಕ್ಸೆಲ್ ಇದ್ದರೂ ಅದು 36 ಎಂಎಂ ಅಗಲದ ಮೇಲೆ ಹರಡಿದೆ. ಒಂದು ಎಂಎಂಗೆ 168 ಪಿಕ್ಸೆಲ್ ಮಾತ್ರ. ಅದೇ 50 ಮೀಟರಿನ ಹೆಬ್ಬಾತು 600 ಎಂಎಂನಲ್ಲಿ 1,510 ಪಿಕ್ಸೆಲ್. ಡಿ7500 ಮೇಲೆ 200-500 ಹಾಕಿದರೆ ಸಿಗೋ 1,780ಕ್ಕಿಂತ ಕಡಿಮೆ! ಬಾಡಿ ಮತ್ತು ಲೆನ್ಸಿಗೆ ಅಷ್ಟೊಂದು ಸುರಿದ ಮೇಲೂ ಹಕ್ಕಿಯ ಮೇಲೆ ಬೀಳೋ ಪಿಕ್ಸೆಲ್ ಕಡಿಮೆಯಾದರೆ ಬೇಜಾರಾಗುತ್ತೆ. ಝಡ್8ರಲ್ಲಿ 45.7 ಮೆಗಾಪಿಕ್ಸೆಲ್ ಇರೋದರಿಂದ 2,070 ಬರುತ್ತೆ, ಬೆಲೆ ಬೇರೆ ಮಾತು. ಝಡ್6-3ರ ಅನುಕೂಲ ಬೇರೆ ಕಡೆ ಇದೆ: ಹಕ್ಕಿ ಹತ್ತಿರ ಇದ್ದಾಗ, ಮಬ್ಬು ಬೆಳಕಿನಲ್ಲಿ ನಾಯ್ಸ್ ಕಡಿಮೆ, ಸೆನ್ಸರ್ ಬೇಗ ಓದೋದರಿಂದ ಎಲೆಕ್ಟ್ರಾನಿಕ್ ಶಟರಿನಲ್ಲಿ ರೆಕ್ಕೆ ಅಷ್ಟಾಗಿ ಸೊಟ್ಟಗಾಗಲ್ಲ. ಝಡ್50-2ರ ಸೆನ್ಸರ್ ನಿಧಾನ, ಹಾರೋ ಹಕ್ಕಿಗೆ ಅದರಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು, ಸೆಕೆಂಡಿಗೆ 11 ಫ್ರೇಮ್ ಬರುತ್ತೆ.

ಬಾಡಿ ಬದಲಾಯಿಸೋ ಖರ್ಚಿನಲ್ಲಿ ಜನ ಬಿಟ್ಟುಬಿಡೋ ಬಾಬತ್ತುಗಳೂ ಇವೆ. ಡಿ7500ರ ಇಎನ್-ಇಎಲ್15 ಬ್ಯಾಟರಿ ಝಡ್50-2ಗೆ ಆಗಲ್ಲ, ಅದಕ್ಕೆ ಇಎನ್-ಇಎಲ್25. ಮಿರರ್‌ಲೆಸ್‌ನಲ್ಲಿ ಒಂದು ಬೆಳಗ್ಗೆಗೆ ಎರಡು ಬ್ಯಾಟರಿ ಇಟ್ಟುಕೊಳ್ಳಿ. ಝಡ್6-3, ಝಡ್8ರಲ್ಲಿ ಒಂದು ಸ್ಲಾಟ್ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ, ಅದನ್ನ ಬಳಸೋದಾದರೆ ಆ ಕಾರ್ಡು, ಕಾರ್ಡ್ ರೀಡರು ಎರಡೂ ಹೊಸದಾಗಿ ಬೇಕು.

ಬೆಳ್ಳಕ್ಕಿ

ಟ್ಯಾಮ್ರಾನ್, ಸಿಗ್ಮಾ ಬಗ್ಗೆ ಯಾರೂ ಹೇಳಿಲ್ಲ. ಡಿ7500 ಮೇಲೆ ಟ್ಯಾಮ್ರಾನ್ 150-600 ಜಿ2, ಸಿಗ್ಮಾ ಕಾಂಟೆಂಪರರಿ ಎರಡೂ ಕೆಲಸ ಮಾಡುತ್ತೆ, ತೂಕವೂ ಕಡಿಮೆ, ಎರಡು ಕೆಜಿ ಆಸುಪಾಸು. 600ರಲ್ಲಿ ಎಫ್/6.3. ತೊಂದರೆ ಇರೋದು ಮುಂದೆ. ಎಫ್‌ಟಿಝಡ್ ಮೂಲಕ ಝಡ್ ಬಾಡಿಗೆ ಹಾಕಿದಾಗ ಲೆನ್ಸಿನ ಫರ್ಮ್‌ವೇರ್ ಹಳೇದಾಗಿದ್ದರೆ ಸರಿಯಾಗಿ ಓಡಲ್ಲ. ಅಪ್‌ಡೇಟ್ ಮಾಡೋಕೆ ಟ್ಯಾಮ್ರಾನಿಗೆ ಟ್ಯಾಪ್-ಇನ್ ಕನ್ಸೋಲ್, ಸಿಗ್ಮಾಗೆ ಯುಎಸ್‌ಬಿ ಡಾಕ್ ಬೇಕು. ಝಡ್‌ಗೆ ಹೋಗೋ ಯೋಚನೆ ಇದ್ದರೆ ನಿಕಾನ್ ಲೆನ್ಸೇ ನೆಮ್ಮದಿ.

ಸೆಕೆಂಡ್ ಹ್ಯಾಂಡ್ 200-500 ನೋಡೋಕೆ ಹೋಗೋವಾಗ ನಿಮ್ಮ ಬಾಡಿ, ಒಂದು ಒಳ್ಳೆ ಟಾರ್ಚ್, ಲ್ಯಾಪ್‌ಟಾಪ್ ಜೊತೆಗಿರಲಿ. ಫೋಟೊ ನೋಡಿ ದುಡ್ಡು ಕಳಿಸಬೇಡಿ.

ಮೊದಲು ಎರಡೂ ಕ್ಯಾಪ್ ತೆಗೆದು ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ಆಮೇಲೆ ಉಲ್ಟಾ. ನಾಲ್ಕಾರು ಧೂಳಿನ ಕಣ ಇರುತ್ತೆ, ಚಿತ್ರದಲ್ಲಿ ಕಾಣಲ್ಲ, ಚಿಂತೆ ಬೇಡ. ಬಿಳಿ ಎಳೆಎಳೆಯಾಗಿ ಅಂಚಿನಿಂದ ಒಳಗೆ ಕವಲೊಡೆದಿದ್ದರೆ ಫಂಗಸ್. ಅದು ಗಾಜಿನ ಕೋಟಿಂಗನ್ನೇ ತಿನ್ನುತ್ತೆ. ಎಷ್ಟೇ ಕಡಿಮೆ ಬೆಲೆ ಹೇಳಿದರೂ ಬಿಟ್ಟುಬಿಡಿ. ಕರಾವಳಿ, ಮಲೆನಾಡಿನಲ್ಲಿ ಬ್ಯಾಗಿನೊಳಗೇ ಇಟ್ಟಿದ್ದ ಲೆನ್ಸುಗಳಲ್ಲಿ ಇದು ಹೆಚ್ಚು.

ಝೂಮ್ ರಿಂಗನ್ನ 200ರಿಂದ 500ಕ್ಕೆ ನಿಧಾನ ತಿರುಗಿಸಿ. ಒಂದೇ ಬಿಗಿ ಇರಬೇಕು. ಮರಳು ಅರೆದ ಹಾಗೆ ಕರಕರ ಅಂದರೆ ಒಳಗೆ ಮಣ್ಣು ಸೇರಿದೆ. ಮೌಂಟಿನ ಸ್ಕ್ರೂ ತಲೆಗಳಲ್ಲಿ ಗೀರು ಇದ್ದರೆ ಯಾರೋ ಬಿಚ್ಚಿದ್ದಾರೆ, ಕಾರಣ ಕೇಳಿ. 95 ಎಂಎಂ ಫಿಲ್ಟರ್ ತಿರುಪಿನ ಅಂಚು ನಜ್ಜಾಗಿದ್ದರೆ ಬಿದ್ದಿರೋ ಲೆನ್ಸು.

ಇದು ಇ ಲೆನ್ಸು, ಅಂದರೆ ಅಪರ್ಚರ್ ವಿದ್ಯುತ್ತಿನಿಂದ ಮುಚ್ಚುತ್ತೆ. ಮ್ಯಾನುಯಲ್ ಮೋಡಿನಲ್ಲಿ ಒಂದೇ ಬೆಳಕಿನ ಗೋಡೆಗೆ ಎಫ್/5.6ನಲ್ಲಿ 1/1000, ಎಫ್/8ರಲ್ಲಿ 1/500, ಎಫ್/16ರಲ್ಲಿ 1/125 ಹೊಡೆಯಿರಿ, ಐಎಸ್‌ಒ ಒಂದೇ ಇರಲಿ, ಆಟೊ ಐಎಸ್‌ಒ ಆಫ್ ಮಾಡಿ. ಮೂರೂ ಒಂದೇ ಹೊಳಪು ಬರಬೇಕು. ಎಫ್/16ರದ್ದು ತುಂಬ ಬೆಳ್ಳಗಾದರೆ ಅಪರ್ಚರ್ ಮುಚ್ಚುತ್ತಿಲ್ಲ.

ವಿಆರ್ (ಕೈ ಅಲುಗಾಟ ತಗ್ಗಿಸೋ ವ್ಯವಸ್ಥೆ) ಪರೀಕ್ಷೆಗೆ 500ರಲ್ಲಿ 1/60 ಇಟ್ಟು, ವಿಆರ್ ಹಾಕಿ ಹತ್ತು, ತೆಗೆದು ಹತ್ತು. ವಿಆರ್ ಹಾಕಿದಾಗ ಬಹುಪಾಲು ಶಾರ್ಪ್ ಬರದಿದ್ದರೆ ಅದು ಕೆಟ್ಟಿದೆ. ಕೊನೇದು ಮುಖ್ಯ: 2015ರಲ್ಲಿ ಬಂದ ಮೊದಲ ಲೆನ್ಸುಗಳಲ್ಲಿ ಕೆಲವಕ್ಕೆ 500 ತುದಿಯಲ್ಲಿ ಆಟೊಫೋಕಸ್ ಆಗಾಗ ನಿಂತುಹೋಗೋ ತೊಂದರೆ ಇತ್ತು, ನಿಕಾನ್ ಫರ್ಮ್‌ವೇರಿನಿಂದ ಸರಿಪಡಿಸಿತು. ಅಪ್‌ಡೇಟ್ ಆಗದೇ ಉಳಿದವು ಇನ್ನೂ ಕೈ ಬದಲಾಗ್ತಾ ಇರಬಹುದು. 500ಕ್ಕೆ ಇಟ್ಟು ದೂರದ ಟವರ್, ಹತ್ತಿರದ ಗಿಡ, ಮತ್ತೆ ಟವರ್ ಅಂತ ಎಎಫ್-ಸಿಯಲ್ಲಿ (ನಿರಂತರ ಫೋಕಸ್ ಮೋಡ್) ಇಪ್ಪತ್ತು ಸಲ ಫೋಕಸ್ ಮಾಡಿಸಿ. ಒಮ್ಮೆಯೂ ನಿಲ್ಲಬಾರದು.

ಜಿಎಸ್‌ಟಿ ಬಿಲ್ಲಿನಲ್ಲಿ ಇರೋ ಸೀರಿಯಲ್ ನಂಬರು ಲೆನ್ಸಿನ ಮೇಲಿನದಕ್ಕೆ ತಾಳೆ ಆಗಲಿ. ಬಿಲ್ ಇಲ್ಲದಿದ್ದರೆ ನೀವು ಮುಂದೆ ಮಾರೋವಾಗಲೂ ಬೆಲೆ ಬೀಳುತ್ತೆ.

ಕೆರೆದಂಡೆ

ಬೆಳ್ಳಕ್ಕಿ ಅವರೇ, ಇದನ್ನ ಪ್ರಿಂಟ್ ತೆಗೆದು ಇಟ್ಟುಕೊಳ್ತೀನಿ. ಲೆನ್ಸು ಚೆನ್ನಾಗಿದ್ದರೂ ಡಿಎಸ್‌ಎಲ್‌ಆರ್ ಮೇಲೆ ಫೋಕಸ್ ಸ್ವಲ್ಪ ಹಿಂದೆ ಮುಂದೆ ಬೀಳಬಹುದು ಅಂತಾರೆ, ಅದನ್ನ ಮನೆಯಲ್ಲೇ ಸರಿ ಮಾಡಬಹುದಾ?

ನೀರಕಾಗೆ

ಮಾಡಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯೋ ಸೆನ್ಸರ್ ಬೇರೆ, ಚಿತ್ರದ ಸೆನ್ಸರ್ ಬೇರೆ. ಎರಡರ ದಾರಿ ಕೂದಲೆಳೆಯಷ್ಟು ವ್ಯತ್ಯಾಸ ಆದರೂ 500ರಲ್ಲಿ ಕಾಣುತ್ತೆ. ಡಿ7500ನಲ್ಲಿ ಆಟೊ ಎಎಫ್ ಫೈನ್-ಟ್ಯೂನ್ ಇದೆ.

ಬೆಳಗ್ಗೆ ಝಳ ಏಳೋ ಮೊದಲು ಗಟ್ಟಿ ಟ್ರೈಪಾಡ್ ಮೇಲೆ ಇಟ್ಟು ವಿಆರ್ ಆಫ್ ಮಾಡಿ. 20ರಿಂದ 25 ಮೀಟರ್ ದೂರದಲ್ಲಿ ಚಪ್ಪಟೆಯಾದ, ದಪ್ಪ ಅಕ್ಷರ ಇರೋ ಬೋರ್ಡನ್ನ ಕ್ಯಾಮೆರಾಗೆ ನೇರವಾಗಿ ನಿಲ್ಲಿಸಿ. 500 ಎಂಎಂ, ಎಫ್/5.6. ಸೆಟಪ್ ಮೆನುವಿನಲ್ಲಿ ಎಎಫ್ ಫೈನ್-ಟ್ಯೂನ್ ಆನ್ ಇರಲಿ. ಲೈವ್ ವ್ಯೂ ಹಾಕಿ, ಎಎಫ್-ಎಸ್ (ಒಂದು ಸಲದ ಫೋಕಸ್) ಮೋಡ್, ನಡುವಿನ ಪಾಯಿಂಟ್, ಅರ್ಧ ಒತ್ತಿ ಫೋಕಸ್ ಮಾಡಿ, ಹಿಗ್ಗಿಸಿ ನೋಡಿ. ಶಾರ್ಪ್ ಇದ್ದರೆ ಎಎಫ್ ಮೋಡ್ ಬಟನ್ ಮತ್ತು ವಿಡಿಯೊ ರೆಕಾರ್ಡ್ ಬಟನ್ ಎರಡನ್ನೂ ಒಟ್ಟಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಹೊಸ ಮೌಲ್ಯ ಸೇರಿಸಲಾ ಅಂತ ಕೇಳುತ್ತೆ.

ಒಂದು ಸಲಕ್ಕೆ ನಂಬಬೇಡಿ. ಐದು ಸಲ ಮಾಡಿ, ಬಂದ ಸಂಖ್ಯೆ ಬರೆದುಕೊಳ್ಳಿ. +3, +5, +4, +11, +4 ಬಂದರೆ 11 ಬಿಟ್ಟು 4 ಅಂತ ಕೈಯಿಂದ ಹಾಕಿ. ಪ್ಲಸ್ ಅಂದರೆ ಫೋಕಸ್ ಕ್ಯಾಮೆರಾದಿಂದ ದೂರ ಸರಿಯುತ್ತೆ, ಮೈನಸ್ ಹತ್ತಿರ. ಈ ಬಾಡಿಯಲ್ಲಿ ಒಂದು ಲೆನ್ಸಿಗೆ ಒಂದೇ ಮೌಲ್ಯ, ಹಾಗಾಗಿ ನೀವು ಹೆಚ್ಚು ಬಳಸೋ 500ಕ್ಕೇ ಹೊಂದಿಸಿ. 20ರ ಹತ್ತಿರ ಹೋದರೆ ಸರ್ವಿಸ್ ಸೆಂಟರಿಗೆ ಕೊಡಿ.

ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಇದೆಲ್ಲ ಮಾಡೋ ಮೊದಲು ಬಿಚ್ಚಿಡಿ. 500ರಲ್ಲಿ ಎಷ್ಟೋ ಸಲ ಮಸುಕಿಗೆ ಅದೇ ಕಾರಣ. ಗಾಜಿನ ರಕ್ಷಣೆಗೆ ಹುಡ್ ಸಾಕು.

ಮಲೆನಾಡು_ಮಳೆ

ಬಾಡಿ ಈ ಸೀಸನ್‌ಗೆ ಬರಲ್ಲ ಅನ್ನೋದು ಖಚಿತ ಇದ್ದರೆ ಸೆಕೆಂಡ್ ಹ್ಯಾಂಡ್ 200-500ಕ್ಕೆ ನನ್ನ ತಕರಾರಿಲ್ಲ. ಆದರೆ ಹೊಸದು ಬೇಡವೇ ಬೇಡ. ಬಳಸಿದ್ದರ ಬೆಲೆ ಬೀಳೋಷ್ಟು ಬಿದ್ದಾಗಿದೆ, ಹೊಸದು ಅಂಗಡಿ ದಾಟಿದ ಕೂಡಲೇ ಬೀಳುತ್ತೆ. ಎಫ್‌ಟಿಝಡ್-2 ಹಾಕಿದರೆ ಝಡ್50-2 ಮೇಲೂ ಆಟೊಫೋಕಸ್, ವಿಆರ್, ಹಕ್ಕಿ ಡಿಟೆಕ್ಷನ್ ಎಲ್ಲ ಕೆಲಸ ಮಾಡುತ್ತೆ. ಮೇಲಿನ ಫೈನ್-ಟ್ಯೂನ್ ತಲೆನೋವೂ ಇರಲ್ಲ, ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯೋದು ಚಿತ್ರದ ಸೆನ್ಸರಿನ ಮೇಲೇ. ಹಾಗಾಗಿ ನಿಮ್ಮ ಕ್ರಮ ಹೀಗಿರಲಿ: ಈಗ ಲೆನ್ಸು, ಮುಂದಿನ ದೀಪಾವಳಿಗೆ ಬಾಡಿ ಮತ್ತು ಅಡಾಪ್ಟರ್, 180-600 ಅದರಾಚೆಗೆ ಬೇಕೆನಿಸಿದರೆ. ಆರು ತಿಂಗಳೊಳಗೆ ಬಾಡಿಗೂ ದುಡ್ಡು ಹೊಂದುತ್ತೆ ಅನ್ನೋ ಹಾಗಿದ್ದರೆ ಮಾತ್ರ ಇದನ್ನ ಬಿಟ್ಟು ಸೀಸನ್‌ಗೆ ಬಾಡಿಗೆ ಲೆನ್ಸು ತನ್ನಿ.

ಬಾಡಿಗೆ ಲೆನ್ಸು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತೆ. ಗುರುತಿನ ಚೀಟಿ, ಡೆಪಾಸಿಟ್ ಕೇಳ್ತಾರೆ. ದಿನದ ಲೆಕ್ಕ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿ, ಗದಗಿನ ಕಡೆಯಿಂದ ಹೋಗಿ ಬರೋದರಲ್ಲೇ ಒಂದೊಂದು ದಿನ ಹೋಗುತ್ತೆ. ತಗೊಳ್ಳೋವಾಗ ಗೀರು, ಕಲೆ ಎಲ್ಲದರ ವಿಡಿಯೊ ಮಾಡಿಕೊಳ್ಳಿ.

ಕೆರೆದಂಡೆ

ಸರಿ, ಹಾಗೇ ಮಾಡ್ತೀನಿ. ದೀಪಾವಳಿಗೆ ಮುಂಚೆ ಬಾಡಿ ಸಾಧ್ಯ ಇಲ್ಲ, ಹಾಗಾಗಿ ಬಳಸಿದ 200-500 ನೋಡ್ತೀನಿ, ಬಿಲ್ ಇರೋದನ್ನೇ. 2.3 ಕೆಜಿ ಹಿಡಿಯೋಕೆ ಏನು ಒಳ್ಳೇದು? ಸೆಟ್ಟಿಂಗ್ ಎಲ್ಲಿಂದ ಶುರು ಮಾಡಲಿ?

ಎರೆಹೊಲ

ಕೆರಿ ದಂಡಿಗೆ ನೆಲದ ಮ್ಯಾಲೆ ಬೀನ್ ಬ್ಯಾಗ್ ಭಾಳ ಚಲೋ ರೀ. ಎರಡು ಕೆಜಿ ಕಡ್ಲಿ ತುಂಬ್ರಿ, ಮುಕ್ಕಾಲು ಭಾಗ ಅಷ್ಟ, ಗಚ್ಚಾಗಿ ತುಂಬಿದ್ರ ಲೆನ್ಸ್ ಕುಂದ್ರೂದಿಲ್ಲ, ಉರುಳತದ. ತೊಯ್ಯಿಸಬ್ಯಾಡ್ರಿ, ಮೊಳಕಿ ಬರತದ, ಹುಳಾ ಬೀಳತಾವ. ಗಾಡಿ ಒಳಗಿಂದ ತೆಗಿಯೂದಾದ್ರ ಕಿಡಕಿ ಮ್ಯಾಲೆ ಅದನ್ನ ಇಟ್ಟು ಇಂಜಿನ್ ಬಂದ್ ಮಾಡ್ರಿ. ಹಾರೂ ಹಕ್ಕಿಗೆ ಕೈಯಾಗ ಹಿಡೀರಿ, ಎಡಗೈ ಝೂಮ್ ರಿಂಗಿನ ಕೆಳಗ, ಮೊಳಕೈ ಎದಿಗೆ ಒತ್ತಿರಲಿ.

ನೀರಕಾಗೆ

ಹಾರೋದಕ್ಕೆ ಮ್ಯಾನುಯಲ್ ಮೋಡ್, 1/2000, ಎಫ್/5.6, ಆಟೊ ಐಎಸ್‌ಒ ಮಿತಿ 6400. ಕುಳಿತ ಹಕ್ಕಿಗೆ 1/500, ಎಫ್/7.1, ಬೆಳಕಿದ್ದರೆ ಎಫ್/8. ಎಎಫ್-ಸಿ, ಆಕಾಶ ಹಿನ್ನೆಲೆಗೆ ಗ್ರೂಪ್ ಏರಿಯಾ, ಹುಲ್ಲಿನ ನಡುವೆ ಇದ್ದರೆ ಸಿಂಗಲ್ ಪಾಯಿಂಟ್. ಫೋಕಸ್ ಲಿಮಿಟರ್ ಆರು ಮೀಟರಿನಿಂದ ಅನಂತಕ್ಕೆ ಇಡಿ, ಹತ್ತಿರದ ಹುಲ್ಲಿಗೆ ಹೋಗಿ ಬರೋ ಸಮಯ ಉಳಿಯುತ್ತೆ. ಪ್ಯಾನ್ ಮಾಡೋವಾಗ ವಿಆರ್ ಸ್ಪೋರ್ಟ್. 1.4 ಟೆಲಿಕನ್ವರ್ಟರ್ (ಫೋಕಲ್ ಲೆಂಗ್ತ್ 1.4 ಪಟ್ಟು ಮಾಡೋ ಜೋಡಣೆ) ಆಸೆ ಬೇಡ, ಎಫ್/8 ಆಗುತ್ತೆ, ಡಿ7500ನಲ್ಲಿ ಆಗ ನಡುವಿನ ಒಂದೇ ಪಾಯಿಂಟ್ ಉಳಿಯುತ್ತೆ.

ಬೆಳ್ಳಕ್ಕಿ

ಮನೆಗೆ ತಂದ ಮೇಲೆ ಬ್ಯಾಗಿನಲ್ಲಿ ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗೋ ಸಿಲಿಕಾ ಜೆಲ್ ಕಾಲು ಕೆಜಿ, ಒಂದು ಸಣ್ಣ ಹೈಗ್ರೋಮೀಟರ್. 40ರಿಂದ 50 ಶೇಕಡಾ ತೇವಾಂಶ ಇರಲಿ. 30ಕ್ಕಿಂತ ಕೆಳಗೆ ಇಳಿಸಬೇಡಿ, ಒಳಗಿನ ಗ್ರೀಸು, ರಬ್ಬರು ಒಣಗುತ್ತೆ. ರಂಗನತಿಟ್ಟಿನಿಂದ ಬಂದ ದಿನ ಲೆನ್ಸನ್ನ ಒಣ ಬಟ್ಟೆಯಲ್ಲಿ ಒರೆಸಿ, ಝೂಮ್ 500ಕ್ಕೆ ಎಳೆದು ಕೊಳವೆಯ ಮೇಲಿನ ಧೂಳು ಬ್ಲೋವರಿನಿಂದ ಊದಿ, ಆಮೇಲೆ 200ಕ್ಕೆ ತಂದು ಲಾಕ್ ಮಾಡಿ ಡಬ್ಬಿಗೆ ಹಾಕಿ. ಊದದೇ ಮುಚ್ಚಿದರೆ ಆ ಧೂಳೆಲ್ಲ ಒಳಗೆ ಹೋಗುತ್ತೆ.